ಮೂವತ್ತಮೂರನೆಯ ಅಕ್ಷರ

ನಮ್ಮ ಕಡೆ ಬಸ್ ಸ್ಟಾಪುಗಳಿಗೆ ಬೋರ್ಡಿನಲ್ಲಿರುವ ಹೆಸರು ಬೇರೆ, ಕಂಡಕ್ಟರ್ ಕೂಗುವ ಹೆಸರು ಬೇರೆ. ಮೂಡುಬಿದಿರೆಯಿಂದ ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಹೋಗುವ ಸರ್ವಿಸ್ ಬಸ್ಸಿನಲ್ಲಿ ಆಗ ಇದ್ದ ಕಂಡಕ್ಟರ್ ಅಂತೂ ಬೋರ್ಡುಗಳನ್ನು ಗಣನೆಗೇ ತೆಗೆದುಕೊಂಡವನಲ್ಲ. ರಸ್ತೆಗೆ ಹತ್ತಿರದ ಮನೆ ಯಾವುದೋ ಅದರ ಹೆಸರನ್ನು ಕೂಗುತ್ತಿದ್ದ. ಅಜ್ಜಿಯಂದಿರು ನಿದ್ದೆ ಹೋಗಿದ್ದರೂ ಅವರವರ ಮನೆ ಬಂದಾಗ ಭುಜ ತಟ್ಟಿ ಎಬ್ಬಿಸುತ್ತಿದ್ದ. ತೊಂಬತ್ತರ ದಶಕದ ಕೊನೆಯ ಎರಡು ಮೂರು ವರ್ಷ ನಾನು ವಾರಕ್ಕೆ ಮೂರು ದಿನ ಆ ಬಸ್ಸಿನಲ್ಲಿ ಹೋಗಿದ್ದೇನೆ. ಅವನ ಬದುಕನ್ನು ಹಾಳು ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಸಮಯದಲ್ಲಿ ಬಾಯಿ ಮುಚ್ಚಿಕೊಂಡಿದ್ದವನು ಈಗ ಓದುವವರ ಕುತೂಹಲಕ್ಕಾಗಿ ಅದನ್ನು ಬಚ್ಚಿಟ್ಟರೆ ನನಗೇ ಹೇಸಿಗೆಯಾಗುತ್ತದೆ.

ನನ್ನದು ಪುತ್ತಿಗೆ. ಡಿಪ್ಲೊಮಾ ಮುಗಿಸಲಾಗದೆ, ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಮಾಡುತ್ತ, ಸಂಜೆ ಹೊತ್ತು ಕೆಟ್ಟುಹೋದ ಕಂಪ್ಯೂಟರ್‌ಗಳನ್ನು ಬಿಚ್ಚಿ ಜೋಡಿಸುತ್ತ ಇದ್ದವನು. ಊರಿನಲ್ಲಿ ನನ್ನಷ್ಟು ಗೊತ್ತಿರುವವರು ಇನ್ನೊಬ್ಬರಿಲ್ಲ ಎಂಬ ಸೊಕ್ಕು ತಲೆಗೇರಿತ್ತು. ಗೊತ್ತಿಲ್ಲದವರ ನಡುವೆ ಸ್ವಲ್ಪ ಗೊತ್ತಿದ್ದವನಿಗೆ ಬರುವ ಸೊಕ್ಕು ಅದು. ಕಂಡಕ್ಟರ್ ಮಾತ್ರ ಅದಕ್ಕೆ ದಿನಾ ಸೂಜಿ ಚುಚ್ಚುತ್ತಿದ್ದ.

"ಇಂಜಿನಿಯರ್ರೆ, ಹಿಂದೆ ಹೋಗಿ. ಡಿಗ್ರಿ ಆಗದವರಿಗೆ ಮುಂದಿನ ಸೀಟು ಇಲ್ಲ."

"ನಿನಗೆ ಡಿಗ್ರಿ ಉಂಟಾ ಮಾರಾಯ?"

"ನನಗೆ ಸೀಟೇ ಇಲ್ಲವಲ್ಲ. ಇಡೀ ದಿನ ನಿಂತೇ ಇರ್ತೇನೆ."

ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಅವನ ಮನೆಮಾತು ಬ್ಯಾರಿ, ಆದರೆ ಅವನ ತುಳು ನನ್ನದಕ್ಕಿಂತ ಚಂದ. ಸಿದ್ಧಕಟ್ಟೆ ಕಳೆದ ಮೇಲೆ ಒಂದು ಇಳಿಜಾರಿನಲ್ಲಿ ಅವನ ಮನೆ. ಅಲ್ಲಿ ತಾಯಿ ಒಬ್ಬರೇ. ಅವನ ಉಮ್ಮ ಒಮ್ಮೊಮ್ಮೆ ಅವನ ಮಧ್ಯಾಹ್ನದ ಬುತ್ತಿಯನ್ನು ರಸ್ತೆಬದಿಯಲ್ಲಿ ಹಿಡಿದು ನಿಂತಿರುತ್ತಿದ್ದರು. ಆಗ ತನ್ನ ಸ್ವಂತ ಮನೆಯ ಹೆಸರನ್ನೂ ಉಳಿದ ಮನೆಗಳ ಹಾಗೆಯೇ ಗಟ್ಟಿಯಾಗಿ ಕೂಗಿ ಬಸ್ ನಿಲ್ಲಿಸಿ ಬುತ್ತಿ ತೆಗೆದುಕೊಳ್ಳುತ್ತಿದ್ದ. ಬಸ್ಸಿನವರೆಲ್ಲ ನಗುತ್ತಿದ್ದರು.

ನಾನು ಬಂಟ್ವಾಳಕ್ಕೆ ಹೋಗುತ್ತಿದ್ದದ್ದು ರಕ್ತ ಪರೀಕ್ಷೆಯ ಒಂದು ಲ್ಯಾಬಿಗೆ. ಪೇಟೆಯಲ್ಲಿ ನೆರೆ ಬಂದರೂ ನೀರು ತಾಗದ ಹಾಗೆ ಮಹಡಿಯ ಮೇಲೆ ಇತ್ತು. ಅದರ ಯಜಮಾನರು ಮೊದಲು ತಾವೇ ಟೆಕ್ನಿಷಿಯನ್ ಆಗಿದ್ದವರು, ಹೊಸದರ ಹುಚ್ಚು ಇದ್ದವರು. ಬೆಳ್ತಂಗಡಿಯಲ್ಲಿ ಅವರದೊಂದು ಕಲೆಕ್ಷನ್ ಸೆಂಟರ್ ಇತ್ತು. ಅಲ್ಲಿ ರಕ್ತ ತೆಗೆದು, ಸೀಸೆಗಳನ್ನು ಮಧ್ಯಾಹ್ನದ ಬಸ್ಸಿನಲ್ಲಿ ಬಂಟ್ವಾಳಕ್ಕೆ ಕಳಿಸುವುದು. ಕೈಬರಹದ ರಿಪೋರ್ಟಿನ ಬದಲು ಎರಡೂ ಕಡೆಯವರ ರಿಪೋರ್ಟು ಕಂಪ್ಯೂಟರಿನಲ್ಲೇ ಅಚ್ಚಾಗಿ ಬರಬೇಕು ಎಂಬುದು ಯಜಮಾನರ ಆಸೆ. ನಾನು ಮಾಡಿಕೊಡುತ್ತೇನೆ ಎಂದೆ.

ಒಂದು ಪತ್ರಿಕೆಯ ಜೊತೆ ಪುಕ್ಕಟೆಯಾಗಿ ಬಂದ ಸೀಡಿಯಲ್ಲಿದ್ದ ಆಪರೇಟಿಂಗ್ ಸಿಸ್ಟಮನ್ನು ಅಲ್ಲಿಯ ಕಂಪ್ಯೂಟರಿಗೆ ಹಾಕಿದೆ. ಪರೀಕ್ಷೆಯ ಮೆಷಿನು, ಬೆಳ್ತಂಗಡಿಯ ಟೆಲಿಫೋನ್ ತಂತಿ, ಪ್ರಿಂಟರು ಇವೆಲ್ಲವನ್ನೂ ಒಂದೇ ಕಂಪ್ಯೂಟರಿಗೆ ಸಿಕ್ಕಿಸಲು ಒಂದು ಕಾರ್ಡು ತಂದಿದ್ದೆವು. ಆ ಕಾರ್ಡನ್ನು ಈ ಸಿಸ್ಟಮಿಗೆ ಪರಿಚಯ ಮಾಡಿಕೊಡುವ ಡ್ರೈವರ್ ಎಂಬ ಪ್ರೋಗ್ರಾಮು ಎಲ್ಲೂ ಸಿಗಲಿಲ್ಲ. ನಾನೇ ಬರೆದೆ. ಬರೆದು ಕರ್ನೆಲ್ಲಿನ ಒಳಗೆ ಸೇರಿಸಿದೆ.

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮಿನ ಗರ್ಭಗುಡಿ. ಉಳಿದ ಪ್ರೋಗ್ರಾಮುಗಳೆಲ್ಲ ಹೊರಗೆ ನಿಂತು ಕೈಮುಗಿದು ಕೇಳಬೇಕು. ಹೊರಗಿನದೊಂದು ಪ್ರೋಗ್ರಾಮು ತನ್ನದಲ್ಲದ ಜಾಗದಲ್ಲಿ, ಅಂದರೆ ಕಂಪ್ಯೂಟರಿನ ನೆನಪಿನಲ್ಲಿ ಇನ್ನೊಬ್ಬರಿಗೆ ಕೊಟ್ಟ ಜಾಗದಲ್ಲಿ ಬರೆಯಲು ಹೋದರೆ ಕರ್ನೆಲ್ ಅದನ್ನು ಅಲ್ಲೇ ಹಿಡಿದು ಕೊಲ್ಲುತ್ತದೆ. ಆದರೆ ಒಳಗಿರುವವನೇ ಹಾಗೆ ಮಾಡಿದರೆ ಹಿಡಿಯುವವರು ಯಾರೂ ಇಲ್ಲ. ಒಳಗಿನವನು ತಪ್ಪು ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಅದು ನಡೆಯುವುದು. ಅಂಥ ಜಾಗದಲ್ಲಿ ನನ್ನ ಕೈಬರಹ ಕೂತಿದೆ ಎಂದು ನನಗೆ ಒಳಗೊಳಗೇ ಪುಳಕ. ಕ್ಲಾಸಿನ ಹುಡುಗರ ಮುಂದೆ ಎಷ್ಟು ಸಲ ಜಂಬ ಕೊಚ್ಚಿಕೊಂಡಿದ್ದೇನೋ.

ನನ್ನ ಡ್ರೈವರ್ ಪ್ರತಿಯೊಬ್ಬ ರೋಗಿಗೂ ಒಂದೊಂದು ಗೂಡು ಇಟ್ಟುಕೊಂಡಿತ್ತು. ಗೂಡಿನ ಮೊದಲ ಜಾಗದಲ್ಲಿ ಒಂದು ಗುರುತು, ಆಮೇಲೆ ಹೆಸರು. ಆ ಗುರುತು 'ಆ ಕಾಯಿಲೆ'ಯದ್ದು. ಆಗ ಎಚ್‌ಐವಿ ಎಂದಾಗಲಿ ಏಡ್ಸ್ ಎಂದಾಗಲಿ ನಮ್ಮಲ್ಲಿ ಮರ್ಯಾದಸ್ಥರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗುರುತಿನ ಜಾಗದಲ್ಲಿ ಸೊನ್ನೆ ಇದ್ದರೆ ಏನೂ ಇಲ್ಲ. ಸೊನ್ನೆಯಲ್ಲದೆ ಬೇರೆ ಏನಿದ್ದರೂ ಕಾಯಿಲೆ ಉಂಟು ಎಂದು ಅಚ್ಚಾಗುತ್ತದೆ. ಹೆಸರಿಗೆ ಇಂಗ್ಲಿಷಿನ ಮೂವತ್ತೆರಡು ಅಕ್ಷರದ ಜಾಗ ಬಿಟ್ಟೆ. ಅದಕ್ಕಿಂತ ಉದ್ದದ ಹೆಸರು ಬಂದರೆ ಏನು ಮಾಡಬೇಕು ಎಂದು ಬರೆಯಲಿಲ್ಲ. ಉದ್ದ ನೋಡಬೇಕೆಂಬುದು ನನಗೆ ಹೊಳೆಯಲೇ ಇಲ್ಲ. ನನ್ನ ಹೆಸರು ಒಂಬತ್ತು ಅಕ್ಷರ. ನನ್ನನ್ನು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಅವಸರದಲ್ಲಿ ಮನೆ ಹೆಸರನ್ನು ಬಿಟ್ಟುಬಿಟ್ಟಿದ್ದರು. ಲೋಕದಲ್ಲಿ ಎಲ್ಲರ ಹೆಸರೂ ನನ್ನ ಹೆಸರಿನ ಹಾಗೆ ಎಂದುಕೊಂಡಿದ್ದೆ.

ಬೆಳ್ತಂಗಡಿಯ ಸೆಂಟರಿನಲ್ಲಿ ಹೆಸರು ಟೈಪ್ ಮಾಡುತ್ತಿದ್ದವರು ನಿವೃತ್ತರಾದ ಒಬ್ಬ ಮೇಷ್ಟ್ರು. ಶುದ್ಧ, ನಿಧಾನ ಕನ್ನಡ ಮಾತಾಡುವವರು. ಎರಡೇ ಬೆರಳಿನಲ್ಲಿ ಟೈಪ್ ಮಾಡಿದರೂ ಒಂದಕ್ಷರ ತಪ್ಪಿದವರಲ್ಲ. ಅವರು ರೋಗಿಯ ಹೆಸರು, ತಂದೆಯ ಹೆಸರು, ಮನೆ ಹೆಸರು, ಅದರಲ್ಲೂ ಮೇಲಿನ ಮನೆಯೋ ಕೆಳಗಿನ ಮನೆಯೋ ಎಂಬುದನ್ನೂ ಬಿಡದೆ ಬರೆಯುತ್ತಿದ್ದರು. ಒಂದು ದಿನ ಫೋನಿನಲ್ಲಿ, "ಮಾಷ್ಟ್ರೆ, ಇಷ್ಟುದ್ದ ಎಂತಕ್ಕೆ? ಬರೀ ಹೆಸರು ಸಾಕು" ಎಂದಿದ್ದೆ.

"ಹಾಗೆ ಹೇಳಬೇಡಿ. ನಮ್ಮ ಕಡೆ ಒಂದೇ ಹೆಸರಿನವರು ಹತ್ತು ಜನ ಇದ್ದಾರೆ. ಮನೆ ಹೆಸರು ಹಾಕದಿದ್ದರೆ ಒಬ್ಬರ ರಕ್ತ ಇನ್ನೊಬ್ಬರಿಗೆ ಆಗಿ ಹೋಗ್ತದೆ. ಅದು ಪಾಪದ ಕೆಲಸ."

ಮಾತು ಸರಿಯಾಗಿಯೇ ಇತ್ತು. ನಮ್ಮಲ್ಲಿ ಮನುಷ್ಯನನ್ನು ಗುರುತಿಸುವುದೇ ಮನೆಯಿಂದ. ನಾನು ನಕ್ಕು ಫೋನ್ ಇಟ್ಟೆ. ನನ್ನ ಗೂಡಿನ ಅಳತೆಯನ್ನು ಅವರಿಗೆ ಹೇಳಲಿಲ್ಲ, ಗೂಡನ್ನು ದೊಡ್ಡದು ಮಾಡಲೂ ಇಲ್ಲ.

ಒಂದು ದಿನ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಸೀಟಿನ ಕಂಬಿಗೆ ಒರಗಿ ನಿಂತ. ಅವನ ನಿಕಾಹ್ ಗೊತ್ತಾಗಿತ್ತು. ಸೌದಿಯಲ್ಲಿರುವ ಭಾವ ಅವನಿಗೊಂದು ಡ್ರೈವರ್ ವೀಸಾ ನೋಡಿದ್ದರು. ವೀಸಾಕ್ಕೆ ಬೇಕಾದ ದೊಡ್ಡ ಮೆಡಿಕಲ್ ಆಗುವುದು ಬೊಂಬಾಯಿಯಲ್ಲಿ. ಅಲ್ಲಿಯವರೆಗೆ ಹೋಗಿ 'ಅನ್‌ಫಿಟ್' ಆಗಿ ಬರುವುದು ಬೇಡ ಎಂದು ಏಜೆಂಟರು ಊರಿನಲ್ಲೇ ಮೊದಲೊಂದು ಸಲ ರಕ್ತ ಪರೀಕ್ಷೆ ಮಾಡಿಸುತ್ತಿದ್ದರು.

"ಇಂಜಿನಿಯರ್ರೆ, ನಿಮ್ಮ ಲ್ಯಾಬಿನಲ್ಲೇ ಮಾಡಿಸುವ ಅಂತ. ಸರಿ ಉಂಟಲ್ಲ ಅದು?"

"ಸರಿ ಉಂಟಾ ಅಂತ ಕೇಳ್ತೀಯಾ? ನನ್ನ ಮೆಷಿನ್ ಸುಳ್ಳು ಹೇಳುವುದಿಲ್ಲ ಮಾರಾಯ. ನಾಳೆಯೇ ಬಾ."

ಮರುದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರಯಾಣಿಕನಾಗಿ ಅದೇ ಬಸ್ಸಿಗೆ ಹತ್ತಿದ. ನಾನೇ ಅವನನ್ನು ಮಹಡಿಗೆ ಕರೆದುಕೊಂಡು ಹೋದೆ. ಕಾಯುತ್ತಿದ್ದ ನಾಲ್ಕು ಜನರನ್ನು ದಾಟಿಸಿ, ನನ್ನ ದೋಸ್ತಿ ಎಂದು ಹೇಳಿ, ಆ ದಿನದ ಮೊದಲ ನಂಬರನ್ನು ಅವನಿಗೆ ಕೊಡಿಸಿದೆ. ಉಪಕಾರ ಮಾಡಿದ ಖುಷಿ ನನಗೆ. ಮೊದಲ ನಂಬರು ಸಿಗದಿದ್ದರೆ ಅವನಿಗೆ ಏನೂ ಆಗುತ್ತಿರಲಿಲ್ಲ.

ಆ ಕಾಲದಲ್ಲಿ ಇಂಥ ರಿಪೋರ್ಟು ರೋಗಿಯ ಕೈಗೆ ಹೋಗುತ್ತಿರಲಿಲ್ಲ. ಲಕೋಟೆಗೆ ಅಂಟು ಹಚ್ಚಿ ಏಜೆಂಟರ ಅಂಗಡಿಗೆ ಕಳಿಸುವುದು ಪದ್ಧತಿ. ಅಂಟು ಹಚ್ಚಿದ ಲಕೋಟೆ ಬಂಟ್ವಾಳ ಪೇಟೆಯಲ್ಲಿ ಎರಡು ದಿನ ಕೂಡ ಬಾಯಿ ಮುಚ್ಚಿಕೊಂಡಿರಲಿಲ್ಲ. ಮೂರನೆಯ ದಿನ ಬಸ್ಸಿನಲ್ಲಿ ಯಾರೋ ನನ್ನ ಹಿಂದಿನ ಸೀಟಿನಲ್ಲಿ ಪಿಸುಗುಟ್ಟುವುದು ಕೇಳಿಸಿತು. ಲ್ಯಾಬಿನಲ್ಲಿ ಯಜಮಾನರನ್ನು ಕೇಳಿದರೆ ತಲೆಯಾಡಿಸಿದರು. "ಪಾಪ. ಉಂಟು ಅಂತ ಬಂದಿದೆ."

ಇಂಥ ರಿಪೋರ್ಟು ಬಂದರೆ ಎರಡನೆಯ ಸಲ ಪರೀಕ್ಷೆ ಮಾಡಿ ನೋಡಬೇಕು ಎಂಬ ನಿಯಮ ಇತ್ತು. ಏಜೆಂಟರಿಗೆ ಅವಸರ, ಯಜಮಾನರಿಗೆ ಏಜೆಂಟರನ್ನು ಕಾಯಿಸುವ ಮನಸ್ಸಿಲ್ಲ. ಲ್ಯಾಬಿನ ಟೆಕ್ನಿಷಿಯನ್ ಅಕ್ಕ ಪ್ರತಿಯೊಂದು ಫಲಿತಾಂಶವನ್ನೂ ಪರೀಕ್ಷೆಯ ಮೆಷಿನಿನ ಮೇಲೆಯೇ ನೋಡಿ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದಿಡುತ್ತಿದ್ದರು. ಹಳೆಯ ಅಭ್ಯಾಸ. ಆ ನೋಟ್‌ಬುಕ್ಕನ್ನು ಯಾರೂ ತೆರೆಯಲಿಲ್ಲ. ಕಂಪ್ಯೂಟರ್ ರಿಪೋರ್ಟು ಇರುವಾಗ ಅದೇಕೆ ಬೇಕು? ನಾನೂ ತೆರೆಯಲಿಲ್ಲ.

ಅವನು ಇನ್ನೂ ಒಂದು ವಾರ ಬಸ್ಸಿನಲ್ಲಿದ್ದ. ಮನೆಗಳ ಹೆಸರನ್ನು ಕೂಗುತ್ತಿದ್ದ, ಆದರೆ ಭುಜ ತಟ್ಟಿ ಯಾರನ್ನೂ ಎಬ್ಬಿಸುತ್ತಿರಲಿಲ್ಲ. ಜನ ಅವನ ಕೈಯಿಂದ ಟಿಕೆಟ್ ತೆಗೆದುಕೊಳ್ಳುವುದನ್ನು ಬಿಟ್ಟಿದ್ದರು. ಎದುರಿನ ಸೀಟಿನ ಮೇಲೆ ಇಡು ಎಂದು ಕಣ್ಣಿನಲ್ಲೇ ತೋರಿಸುವುದು, ಅವನು ಇಟ್ಟ ಮೇಲೆ ತುದಿಯಲ್ಲಿ ಹಿಡಿದು ಎತ್ತಿಕೊಳ್ಳುವುದು. ಮುಟ್ಟಿದರೆ ಆ ಕಾಯಿಲೆ ಬರುವುದಿಲ್ಲ ಎಂದು ನಾನು ಪತ್ರಿಕೆಯಲ್ಲಿ ಓದಿದ್ದೆ, ಎರಡು ಮೂರು ಜನರಿಗೆ ಭಾಷಣವನ್ನೂ ಬಿಗಿದಿದ್ದೆ. ಅವನು ನನ್ನ ಮುಂದೆ ಬಂದು ಟಿಕೆಟ್ ಚಾಚಿದಾಗ ನನ್ನ ಕೈ ಮೇಲೇಳಲಿಲ್ಲ. "ಅಲ್ಲಿ ಇಡು ಮಾರಾಯ" ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಟಿಕೆಟನ್ನು ಸೀಟಿನ ಮೇಲೆ ಇಟ್ಟು ಮುಂದೆ ಹೋದ.

ವಾರ ಕಳೆದ ಮೇಲೆ ಬಸ್ಸಿನ ಧಣಿಗಳು ಅವನಿಗೆ ಬರುವುದು ಬೇಡ ಎಂದರು. ನಿಕಾಹ್ ಅಷ್ಟರಲ್ಲೇ ಮುರಿದಿತ್ತು. ಅವನು ಒಂದು ಮಧ್ಯಾಹ್ನ ಲ್ಯಾಬಿನ ಮೆಟ್ಟಿಲ ಕೆಳಗೆ ನನಗಾಗಿ ಕಾದು ನಿಂತಿದ್ದ. ಗಡ್ಡ ಬೆಳೆದಿತ್ತು.

"ನಾನು ಯಾವ ಕೆಟ್ಟ ಕೆಲಸವನ್ನೂ ಮಾಡಿದವನಲ್ಲ. ಅಲ್ಲಾಹನ ಆಣೆ. ನಿಮ್ಮ ಮೆಷಿನನ್ನು ಒಮ್ಮೆ ಬಿಚ್ಚಿ ನೋಡಿ ಇಂಜಿನಿಯರ್ರೆ."

"ಮೆಷಿನಿಗೆ ನಿನ್ನ ಮೇಲೆ ಎಂತ ದ್ವೇಷವಾ?"

"ದ್ವೇಷ ಅಂತ ಹೇಳಲಿಲ್ಲ ನಾನು. ಒಮ್ಮೆ ನೋಡಿ ಅಂತ ಹೇಳಿದ್ದು ಅಷ್ಟೇ."

ನನಗೆ ಸಿಟ್ಟು ನೆತ್ತಿಗೇರಿತು. ಯಾರೋ ಬಸ್ ಕಂಡಕ್ಟರ್ ನನ್ನ ಕೆಲಸದಲ್ಲಿ ಹುಳುಕು ಹುಡುಕುತ್ತಾನಲ್ಲ ಎಂಬ ಸಿಟ್ಟು. ಕರ್ನೆಲ್ ಅಂದರೆ ಏನು, ನಾನು ಬರೆದದ್ದು ಎಂಥ ಜಾಗದಲ್ಲಿ ಕೂತಿದೆ, ವರ್ಷದಿಂದ ಒಂದು ದಿನವೂ ನಿಂತಿಲ್ಲ ಎಂದೆಲ್ಲ ಮೆಟ್ಟಿಲ ಮೇಲೆ ನಿಂತೇ ಅವನಿಗೆ ಹೇಳಿದೆ. ಅವನು ಕೇಳಿಸಿಕೊಂಡ. "ಆಯಿತು" ಎಂದು ಹೋದ. ಅದು ನಾನು ಅವನನ್ನು ಕಡೆಯ ಸಲ ನೋಡಿದ್ದು.

ಮೂರು ತಿಂಗಳಾಗಿರಬಹುದು. ಯಜಮಾನರಿಂದ ಮೂಡುಬಿದಿರೆಗೆ ಫೋನ್ ಬಂತು. ಪೊಳಲಿಯಿಂದ ಒಬ್ಬರು ಅಜ್ಜಿ, ಕಣ್ಣಿನ ಪೊರೆಯ ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆಗೆ ಬಂದಿದ್ದರು. ಅವರ ರಿಪೋರ್ಟಿನಲ್ಲಿ ಆ ಕಾಯಿಲೆ ಉಂಟು ಎಂದು ಅಚ್ಚಾಗಿತ್ತು.

"ಎಂಬತ್ತರ ಅಜ್ಜಿ ಮಾರಾಯ! ದೇವಸ್ಥಾನ ಬಿಟ್ಟರೆ ಮನೆ, ಮನೆ ಬಿಟ್ಟರೆ ದೇವಸ್ಥಾನ. ನಿನ್ನ ಮೆಷಿನಿಗೆ ಮಂಡೆ ಸರಿ ಇಲ್ಲ. ಕೂಡಲೇ ಬಾ."

ನಾನು ಹೋಗುವಷ್ಟರಲ್ಲಿ ಟೆಕ್ನಿಷಿಯನ್ ಅಕ್ಕನ ನೋಟ್‌ಬುಕ್ಕು ಮೇಜಿನ ಮೇಲೆ ತೆರೆದಿತ್ತು. ಅಜ್ಜಿಯ ಹೆಸರಿನ ಎದುರು ನೀಲಿ ಶಾಯಿಯಲ್ಲಿ 'ಇಲ್ಲ' ಎಂದು ಬರೆದಿತ್ತು. ಅಜ್ಜಿಗಾಗಿ ಆ ನೋಟ್‌ಬುಕ್ಕು ಐದು ನಿಮಿಷದಲ್ಲಿ ಕಪಾಟಿನಿಂದ ಹೊರಗೆ ಬಂದಿತ್ತು. ನಾನು ಹಿಂದಿನ ಪುಟಗಳನ್ನು ತಿರುವಿದೆ. ಕಂಡಕ್ಟರನ ಹೆಸರು ಸಿಕ್ಕಿತು. ಅದರ ಎದುರೂ ಅದೇ ನೀಲಿ ಶಾಯಿಯಲ್ಲಿ 'ಇಲ್ಲ' ಎಂದೇ ಇತ್ತು.

ಕಂಪ್ಯೂಟರಿನ ಮುಂದೆ ಕೂತು ಗೂಡುಗಳಲ್ಲಿದ್ದದ್ದನ್ನು ಒಂದೊಂದಾಗಿ ಪರದೆಗೆ ತಂದೆ. ಅಜ್ಜಿಯ ಗೂಡಿನ ಮೊದಲ ಜಾಗದಲ್ಲಿ ಸೊನ್ನೆ ಇರಬೇಕಿತ್ತು. ಅಲ್ಲಿ ಇಂಗ್ಲಿಷಿನ 'ಇ' ಅಕ್ಷರ ಕೂತಿತ್ತು. ಎಲ್ಲಿಂದ ಬಂತು ಎಂದು ಹುಡುಕುವ ಕಷ್ಟವೇ ಇರಲಿಲ್ಲ. ಹಿಂದಿನ ಗೂಡು ಬೆಳ್ತಂಗಡಿಯ ಒಬ್ಬ ರೈತರದ್ದು. ಮೇಷ್ಟ್ರು ಟೈಪ್ ಮಾಡಿದ ಅವರ ಹೆಸರು, ತಂದೆಯ ಹೆಸರು, 'ಮನೆ' ಎಂದು ಮುಗಿಯುವ ಮನೆ ಹೆಸರು ಎಲ್ಲ ಸೇರಿ ಮೂವತ್ತಮೂರು ಅಕ್ಷರ. ಮದುವೆ ಊಟದ ಪಂಕ್ತಿಯಲ್ಲಿ ಒಬ್ಬರ ಎಲೆಯ ಸಾರು ಹರಿದು ಪಕ್ಕದವರ ಎಲೆಗೆ ಹೋಗುವ ಹಾಗೆ, ಆ ಹೆಸರಿನ ಕೊನೆಯ ಅಕ್ಷರ ತನ್ನ ಗೂಡು ದಾಟಿ ಪಕ್ಕದ ಗೂಡಿನ ಗುರುತಿನ ಮೇಲೆ ಬಿದ್ದಿತ್ತು.

ಇದು ದಿನಾ ಯಾಕೆ ಆಗಲಿಲ್ಲ ಎಂಬುದೂ ಆಗ ತಿಳಿಯಿತು. ಬೆಳ್ತಂಗಡಿಯವರಿಗೆ ಬೆಳಿಗ್ಗೆಯೇ ಒಂದಿಷ್ಟು ಗೂಡು ಮೀಸಲಿಡುತ್ತಿದ್ದೆ. ಅವುಗಳ ನಂತರದ ಮೊದಲ ಗೂಡು ಬಂಟ್ವಾಳದ ಮೊದಲ ನಂಬರಿನವರದ್ದು. ಬಂಟ್ವಾಳದವರ ಪರೀಕ್ಷೆ ಮುಗಿದು ಗುರುತು ಬಿದ್ದ ಮೇಲೆ, ಮಧ್ಯಾಹ್ನ ಟೆಲಿಫೋನ್ ತಂತಿಯಲ್ಲಿ ಬೆಳ್ತಂಗಡಿಯ ಹೆಸರುಗಳು ಬರುತ್ತಿದ್ದವು. ರಿಪೋರ್ಟುಗಳೆಲ್ಲ ಅಚ್ಚಾಗುತ್ತಿದ್ದದ್ದು ಸಂಜೆ. ಅವರವರ ಗೂಡುಗಳ ನಡುವೆ ಅಕ್ಷರ ಚೆಲ್ಲಿದರೂ, ಮುಂದಿನವರ ಹೆಸರು ಬರುವಾಗ ಅವರ ಗುರುತಿನ ಜಾಗವೂ ಹೊಸದಾಗಿ ಸೊನ್ನೆಯಾಗುತ್ತಿದ್ದರಿಂದ ಕಲೆ ಉಳಿಯುತ್ತಿರಲಿಲ್ಲ. ಮೀಸಲಿಟ್ಟ ಗೂಡುಗಳೆಲ್ಲ ತುಂಬಿದ ದಿನ, ಕಡೆಯ ಗೂಡಿಗೆ ಅಂಥ ಉದ್ದ ಹೆಸರು ಬಂದರೆ ಮಾತ್ರ, ಬಂಟ್ವಾಳದ ಮೊದಲ ನಂಬರಿನವರಿಗೆ ಕಾಯಿಲೆ ಅಂಟುತ್ತಿತ್ತು. ಮೊದಲ ನಂಬರನ್ನು ಕಂಡಕ್ಟರನಿಗೆ ನಾನೇ ಕೊಡಿಸಿದ್ದೆ.

ಆದರೂ ಕಣ್ಣಾರೆ ನೋಡದೆ ಮನಸ್ಸು ಒಪ್ಪಲಿಲ್ಲ. ಬೆಳ್ತಂಗಡಿಗೆ ಹೋದೆ. ಮೇಷ್ಟ್ರು ದಿನದಿನದ ಹೆಸರಿನ ಪಟ್ಟಿಯನ್ನು ನೂಲಿನಲ್ಲಿ ಹೊಲಿದು ಇಟ್ಟಿದ್ದರು. ಕಂಡಕ್ಟರ್ ರಕ್ತ ಕೊಟ್ಟ ದಿನದ ಪಟ್ಟಿಯ ಕಡೆಯ ಹೆಸರೂ ಅದೇ ರೈತರದ್ದು. ಸಕ್ಕರೆ ಕಾಯಿಲೆಯವರು, ಆಗಾಗ ಪರೀಕ್ಷೆಗೆ ಬರುವವರು, ದನಗಳಿಗೆ ಹುಲ್ಲು ಹಾಕಿಯೇ ಮನೆಯಿಂದ ಹೊರಡುವುದರಿಂದ ಯಾವಾಗಲೂ ಕಡೆಗೆ ಬರುವವರಂತೆ. ನಾನು ಪಟ್ಟಿಯನ್ನೇ ನೋಡುತ್ತ ಕೂತದ್ದನ್ನು ಕಂಡು ಮೇಷ್ಟ್ರು ಮೆಲ್ಲಗೆ ಕೇಳಿದರು.

"ಹೆಸರಿನಲ್ಲಿ ಏನಾದರೂ ತಪ್ಪು ಬಿದ್ದಿದೆಯಾ?"

"ಇಲ್ಲ ಮಾಷ್ಟ್ರೆ. ಒಂದಕ್ಷರವೂ ತಪ್ಪಿಲ್ಲ."

ಅವರು ಸಮಾಧಾನದಿಂದ ನಕ್ಕರು. ಅವರಿಗೆ ನಾನು ಕೊನೆಗೂ ಹೇಳಲಿಲ್ಲ. ಒಬ್ಬರ ರಕ್ತ ಇನ್ನೊಬ್ಬರಿಗೆ ಆಗಬಾರದು ಎಂದು ಅಷ್ಟು ಜೋಪಾನ ಮಾಡಿದವರಿಗೆ ಅದನ್ನು ಹೇಳಿದ್ದರೆ ಅವರು ಊಟ ಬಿಡುತ್ತಿದ್ದರು. ಹೇಳದೇ ಇದ್ದದ್ದು ಕರುಣೆಯಿಂದ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಸರಿಪಡಿಸಲು ಬೇಕಾದದ್ದು ಒಂದೇ ಸಾಲು. ಹೆಸರು ಮೂವತ್ತೆರಡಕ್ಕಿಂತ ಉದ್ದವಿದ್ದರೆ ಅಲ್ಲೇ ನಿಲ್ಲಿಸು. ಬರೆಯಲು ಎರಡು ನಿಮಿಷ ಹಿಡಿಯಿತು. ಅದರ ಪಕ್ಕ, ಏನು ಬದಲಾಯಿಸಿದೆ ಎಂದು ಬರೆದಿಡುವ ಜಾಗದಲ್ಲಿ, 'ಸಣ್ಣ ತಿದ್ದುಪಡಿ' ಎಂದು ಇಂಗ್ಲಿಷಿನಲ್ಲಿ ಬರೆದೆ. ಯಜಮಾನರು ಹಿಂದೆ ನಿಂತು ನೋಡುತ್ತಿದ್ದರು.

"ಸರಿ ಆಯ್ತಲ್ಲ? ಇನ್ನು ಊರಿಗೆಲ್ಲ ಡಂಗುರ ಹೊಡೆಯುವುದು ಬೇಡ. ಲ್ಯಾಬ್ ಮುಚ್ಚಬೇಕಾದೀತು. ಆ ಕಂಡಕ್ಟರನಿಗೆ ಬೇಕಾದರೆ ಇನ್ನೊಂದು ರಿಪೋರ್ಟ್ ಕೊಟ್ಟುಬಿಡು, ಇಲ್ಲ ಅಂತ."

ಆ ರಿಪೋರ್ಟನ್ನು ಜೇಬಿನಲ್ಲಿಟ್ಟುಕೊಂಡು ನಾನು ಇಳಿಜಾರಿನ ಆ ಮನೆಗೆ ಹೋದೆ. ಅವನ ತಾಯಿ ಅಂಗಳದಲ್ಲಿ ಬೀಡಿ ಎಲೆ ಕತ್ತರಿಸುತ್ತಿದ್ದರು. ನನ್ನ ಗುರುತು ಹಿಡಿದರು. ಅವನಿರಲಿಲ್ಲ. ಬೊಂಬಾಯಿಗೆ ಹೋಗಿ ಎರಡು ತಿಂಗಳಾಗಿತ್ತು, ಕೆಲಸ ಏನು, ಉಳಿದಿರುವುದು ಎಲ್ಲಿ ಎಂದು ಬರೆದಿರಲಿಲ್ಲ. ನಾನು ರಿಪೋರ್ಟನ್ನು ಕೊಟ್ಟು, ಮೆಷಿನಿನಲ್ಲಿ ತಪ್ಪಾಗಿತ್ತು, ಅವನಿಗೆ ಏನೂ ಇಲ್ಲ ಎಂದೆ. ಅವರು ಅಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ಇನ್ನೊಂದು ಕಾಗದ ತಂದರು. ಮಂಗಳೂರಿನ ಒಂದು ಆಸ್ಪತ್ರೆಯದ್ದು. ಅವನು ನನ್ನ ಮೆಟ್ಟಿಲಿನಿಂದ ಇಳಿದು ಹೋದ ಮರುದಿನವೇ ಅಲ್ಲಿ ಪರೀಕ್ಷೆ ಮಾಡಿಸಿದ್ದ. ಅದರಲ್ಲೂ 'ಇಲ್ಲ' ಎಂದೇ ಇತ್ತು. ಕೈಯಲ್ಲಿ ಬರೆದದ್ದು.

"ಇದನ್ನು ಹಿಡಿದು ಎಲ್ಲ ಕಡೆ ಹೋದ. ಏಜೆಂಟ್, ಧಣಿ, ಹೆಣ್ಣಿನ ಮನೆ. ಕಂಪ್ಯೂಟರ್ ಸುಳ್ಳು ಹೇಳ್ತದಾ, ಇದು ಯಾರ ಹತ್ತಿರವೋ ಬರೆಸಿ ತಂದದ್ದು ಅಂತ ಹೇಳಿದರು" ಎಂದರು. ನನ್ನ ಮೆಷಿನ್ ಸುಳ್ಳು ಹೇಳುವುದಿಲ್ಲ ಎಂಬ ಮಾತನ್ನು ಊರಿಗೆ ಕಲಿಸಿದವರಲ್ಲಿ ನಾನೂ ಒಬ್ಬ.

ನಾನು ತಂದ ಕಾಗದವನ್ನೂ ಅದೇ ಕವರಿಗೆ ಹಾಕಿ ಮಡಿಸಿದರು. ಆಮೇಲೆ ನನ್ನ ಮುಖ ನೋಡಿ ಹೇಳಿದರು. "ಮಗಾ, ಕಾಗದ ಈಗ ಎರಡಾಯ್ತು. ಕಾಗದ ಯಾರಿಗೆ ಬೇಕು? ಶುಕ್ರವಾರ ನಮಾಜು ಬಿಟ್ಟ ಮೇಲೆ ಪಳ್ಳಿಯ ಗೇಟಿನ ಹತ್ತಿರ ಎಲ್ಲರೂ ನಿಲ್ತಾರೆ. ನೀವು ಬಂದು ಒಂದು ಮಾತು ಹೇಳಿ. ತಪ್ಪು ನನ್ನದು, ಇವರ ಮಗನದ್ದಲ್ಲ ಅಂತ. ಅಷ್ಟು ಸಾಕು. ಅವನು ವಾಪಸ್ ಬರ್ತಾನೆ."

"ಬರ್ತೇನೆ" ಎಂದೆ. ಆ ಕ್ಷಣದಲ್ಲಿ ನಿಜವಾಗಿಯೂ ಬರುವವನೇ ಇದ್ದೆ.

ಶುಕ್ರವಾರ ಬಸ್ ಹತ್ತಿದೆ ಕೂಡ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಸಿದ್ಧಕಟ್ಟೆ ಬರುವಷ್ಟರಲ್ಲಿ ನೆಪಗಳು ಒಂದೊಂದಾಗಿ ಬಂದು ನನ್ನ ಪಕ್ಕ ಕೂತವು. ಹೊಡೆದರೆ? ಲ್ಯಾಬ್ ಮುಚ್ಚಿದರೆ ಯಜಮಾನರ ಗತಿ ಏನು? ನನಗೆ ಇನ್ನು ಯಾರು ಕೆಲಸ ಕೊಡುತ್ತಾರೆ? ಪಳ್ಳಿಯ ಗೇಟಿನಲ್ಲಿ ನನ್ನಂಥವನು ಹೋಗಿ ನಿಂತರೆ ಬೇರೆ ಏನಾದರೂ ಗಲಾಟೆಯಾದರೆ? ನಮ್ಮ ಜಿಲ್ಲೆಯಲ್ಲಿ ಈ ಕೊನೆಯ ನೆಪ ಯಾವಾಗ ಬೇಕಾದರೂ ಕೈಗೆ ಸಿಗುತ್ತದೆ. ಇಳಿಜಾರಿನಲ್ಲಿ ಬಸ್ ನಿಂತಿತು. ಅವರು ತಲೆಗೆ ಬಿಳಿ ಬಟ್ಟೆ ಹೊದ್ದು, ಮೊದಲು ಬುತ್ತಿ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಇಳಿಯುವವರ ಮುಖವನ್ನೆಲ್ಲ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಚಪ್ಪಲಿಯನ್ನು ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿದೆ. ಬಸ್ ಮುಂದೆ ಹೋಯಿತು.

ನಾನು ಹೇಡಿ. ಇದಕ್ಕಿಂತ ಒಳ್ಳೆಯ ಶಬ್ದವನ್ನು ಎಷ್ಟೋ ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ಅದಾದ ಮೇಲೆ ಬಂಟ್ವಾಳಕ್ಕೆ ಹೋಗುವುದನ್ನೇ ಬಿಟ್ಟೆ. ಬಿಟ್ಟುಹೋಗಿದ್ದ ಪರೀಕ್ಷೆಗಳನ್ನು ಕಟ್ಟಿ ಪಾಸಾಗಿ, ಮೂಡುಬಿದಿರೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಸೇರಿದೆ. ಎರಡು ಸಾವಿರದ ನಂತರದ ವರ್ಷಗಳವು. ಇಂಟರ್ನೆಟ್ ಬಂತು. ಬೇರೆ ಬೇರೆ ದೇಶದವರು ಕರ್ನೆಲ್ಲಿನಲ್ಲಿ ಇಂಥದೇ ತಪ್ಪುಗಳನ್ನು ಹುಡುಕಿ ಬರೆದದ್ದನ್ನು ಅದರಲ್ಲಿ ಓದಿದೆ. ಒಂದು ಜಾಗದಲ್ಲಿ ಅಳತೆ ನೋಡಲು ಮರೆತರೆ, ಹೊರಗೆ ಕೂತ ದುಷ್ಟ ಬೇಕೆಂದೇ ಉದ್ದದ್ದೊಂದು ಹೆಸರು ಕಳಿಸಿ ಒಳಗೆ ತನಗೆ ಬೇಕಾದ್ದನ್ನು ಬರೆಸಬಲ್ಲ. ನನ್ನದರಲ್ಲಿ ದುಷ್ಟ ಯಾರೂ ಇರಲಿಲ್ಲ. ಒಬ್ಬ ಪ್ರಾಮಾಣಿಕ ಮೇಷ್ಟ್ರು, ದನಕ್ಕೆ ಹುಲ್ಲು ಹಾಕಿ ಹೊರಡುವ ಒಬ್ಬ ರೈತ, ಅಷ್ಟೇ. ಆ ಬರಹಗಳಲ್ಲಿ ನನ್ನನ್ನು ಇರಿದದ್ದು ಇನ್ನೊಂದು ಸಂಗತಿ. ತಪ್ಪು ಎಲ್ಲಿತ್ತು, ಯಾವಾಗಿನಿಂದ ಇತ್ತು, ಯಾರು ಯಾರಿಗೆ ತೊಂದರೆಯಾಗಬಹುದು ಎಂದು ಎಲ್ಲರಿಗೂ ಕಾಣುವ ಹಾಗೆ ಅವರು ಬರೆದು ಹಾಕುತ್ತಾರೆ. ಗೇಟಿನ ಹತ್ತಿರ ನಿಂತು ಹೇಳಿದ ಹಾಗೆ.

ಕ್ಲಾಸಿನಲ್ಲಿ ಹುಡುಗರಿಗೆ ಅಳತೆ ನೋಡಿ, ಅಳತೆ ನೋಡಿ ಎಂದು ಬಡಿದುಕೊಳ್ಳುತ್ತಿದ್ದೆ. ಯಾಕೆ ಸರ್ ಇಷ್ಟು ಸಿಟ್ಟು ಎಂದು ಅವರು ನಗುತ್ತಿದ್ದರು.

ಹಲವು ವರ್ಷ ಕಳೆದು, ಬಂಟ್ವಾಳದಲ್ಲಿ ಸಂಬಂಧಿಕರ ಒಂದು ಮದುವೆ ಇತ್ತು. ಬೆಳಿಗ್ಗೆ ಹೊರಡುವಾಗಲೇ ಒಂದು ನಿರ್ಧಾರ ಮಾಡಿದ್ದೆ. ಮೊದಲು ಆ ಮನೆಗೆ ಹೋಗುವುದು, ತಾಯಿ ಬದುಕಿದ್ದರೆ ಕಾಲು ಹಿಡಿಯುವುದು, ಅವರು ಹೇಳಿದಲ್ಲಿಗೆ ಬಂದು ನಿಲ್ಲುತ್ತೇನೆ ಎನ್ನುವುದು. ತಡವಾಗಿದೆ ಎಂದು ಗೊತ್ತಿತ್ತು, ಆದರೂ. ಅದೇ ದಾರಿಯ ಬಸ್ಸು, ಹೊಸ ಕಂಡಕ್ಟರ್. ಎಲ್ಲಿಗೆ ಎಂದು ಕೇಳಿದ. ಆ ಮನೆಯ ಹೆಸರನ್ನು ಹೇಳಿದೆ. ಹಳೆಯ ಕಂಡಕ್ಟರ್ ತನ್ನ ಬುತ್ತಿಗಾಗಿ ಗಟ್ಟಿಯಾಗಿ ಕೂಗುತ್ತಿದ್ದ ಅದೇ ಹೆಸರು. ಇವನಿಗೆ ಅರ್ಥವಾಗಲಿಲ್ಲ.

"ಹಾಗೆ ಒಂದು ಸ್ಟಾಪ್ ಇಲ್ಲ ಅಣ್ಣ."

"ಸಿದ್ಧಕಟ್ಟೆ ಕಳೆದು ಇಳಿಜಾರಿನಲ್ಲಿ. ಅಲ್ಲಿ ಒಂದು ಅಮ್ಮ ಇದ್ದರು, ಬೀಡಿ ಕಟ್ಟುವವರು."

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಡೆ ತಿರುಗಿದರು. "ಅವರು ತೀರಿ ಹೋದರು ಮಾರಾಯ್ರೆ, ಎರಡು ವರ್ಷ ಆಯ್ತು. ಮಗ ಮಣ್ಣಿಗೂ ಬರಲಿಲ್ಲ. ಮನೆ ಹಾಗೇ ಬಿದ್ದುಂಟು." ಆಮೇಲೆ ಕಂಡಕ್ಟರಿಗೆ, ನನಗೆ ಸಹಾಯ ಮಾಡುವ ದನಿಯಲ್ಲಿ ಹೇಳಿದರು. "ಏಡ್ಸ್ ಮನೆ. ಅವರು ಕೇಳುವುದು ಅದನ್ನೇ."

"ಓ, ಏಡ್ಸ್ ಮನೆಯಾ! ಹಾಗೆ ಹೇಳಬೇಕಲ್ಲ" ಎಂದ ಅವನು.

ಇಳಿಜಾರು ಬಂತು. ಅವನು ಬಾಗಿಲಿನಲ್ಲಿ ನೇತಾಡುತ್ತ, ಬೇರೆ ಎಲ್ಲ ಮನೆಗಳ ಹೆಸರು ಕೂಗಿದಷ್ಟೇ ಸಹಜವಾಗಿ ಕೂಗಿದ. "ಏಡ್ಸ್ ಮನೆ, ಏಡ್ಸ್ ಮನೆ, ಇಳಿಯುವವರು ಬನ್ನಿ." ಶಾಲೆಯ ಸಮವಸ್ತ್ರದ ಇಬ್ಬರು ಮಕ್ಕಳು ಚೀಲ ಎತ್ತಿಕೊಂಡು ಇಳಿದರು. ಅವರಿಗೆ ಅದು ಒಂದು ಸ್ಟಾಪಿನ ಹೆಸರು, ಅಷ್ಟೇ. ಯಾಕೆ ಹಾಗೆ ಕರೆಯುತ್ತಾರೆ ಎಂದು ಅವರು ಕೇಳಿಯೂ ಇರಲಿಕ್ಕಿಲ್ಲ.

ಕಂಡಕ್ಟರ್ ನನ್ನ ಕಡೆ ನೋಡಿ ಕೈಸನ್ನೆ ಮಾಡಿದ. ಬಸ್ಸಿನವರೆಲ್ಲ ನನ್ನ ಮುಖ ನೋಡಿದರು. ಆ ಮನೆಗೆ ಯಾರಪ್ಪ ಇವನು ಎಂಬ ನೋಟ ಅದು. ತಪ್ಪು ನನ್ನದು, ಅವರ ಮಗನದ್ದಲ್ಲ ಎಂಬ ಮಾತು ನನಗೆ ಅಷ್ಟು ವರ್ಷದ ಮೇಲೂ ಬಾಯಿಪಾಠವಾಗಿತ್ತು. ಕೇಳಲು ನಲವತ್ತು ಜನ ಇದ್ದರು.

"ಬಂಟ್ವಾಳಕ್ಕೇ ಕೊಡಿ" ಎಂದೆ.

ಅವನು ಟಿಕೆಟ್ ಹರಿದು ಚಾಚಿದ. ಅವನ ಕೈಯಿಂದಲೇ ತೆಗೆದುಕೊಂಡೆ.